ತತ್ತಿಯ ಲೋಳೆ : ಒಂದು ಶಬ್ದವಿಮರ್ಶೆ

ಶಾಸನಗಳನ್ನೂ ವಚನಗಳನ್ನೂ ಹಂತಿಯ ಹಾಡುಗಳನ್ನೂ ಕುರಿತು ಬರೆಯಬೇಕಾದ ಸಂಚಿಕೆಯಲ್ಲಿ ಕೋಳಿಯ ತತ್ತಿಯೊಳಗಣ ಲೋಳೆಯನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವೆನಿಸಬಹುದು. "ಬರೀಲಿಕ್ಕೆ ನಿಮಗ ಬ್ಯಾರೆ ವಿಷಯ ಸಿಗಲಿಲ್ಲೇನ್ರೀ?" ಎಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿಯೂ ಕೇಳಿದರು. ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡವೆಂದೊಡನೆ ನಮ್ಮ ಸಂಶೋಧಕರ ದೃಷ್ಟಿ ಕಲ್ಲಿನತ್ತ ತಿರುಗುವುದು ರೂಢಿ. ಅದು ಸಹಜವೂ ಅಹುದು. ಕವಿರಾಜಮಾರ್ಗವು ಹೇಳುವ ಕಾವೇರಿ-ಗೋದಾವರಿಗಳ ನಡುವಣ ನಾಡಿನಲ್ಲಿ ಈ ಪ್ರದೇಶವು ಸೇರಿತ್ತು. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವು ಉಮರಗಾಕ್ಕೆ ನೆರೆಯ ಊರೇ ಸರಿ. ಆದರೆ ಕಲ್ಲಿನ ಮೇಲಿನ ಕನ್ನಡವನ್ನು ಮಳೆ ಗಾಳಿಗಳಿಂದ ಕಾಯಬೇಕೆಂದು ಕೂಗುವ ನಾವು, ಒಲೆಯ ಮುಂದೆ ಇನ್ನೂ ಉಸಿರಾಡುತ್ತಿರುವ ಕನ್ನಡವನ್ನು ನಮ್ಮ ಕೈಯಾರೆ ಹೇಗೆ ಅಳಿಸುತ್ತಿದ್ದೇವೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಳಿಸಿದವರಲ್ಲಿ ನಾವೂ ಒಬ್ಬರು. ಆದುದರಿಂದ ಈ ವಿಮರ್ಶೆಯನ್ನು ನಮ್ಮ ತಪ್ಪಿನಿಂದಲೇ ಪ್ರಾರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಗಡಿಯ ಒಂದು ಕನ್ನಡ ಶಾಲೆಯ ವಿಜ್ಞಾನದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು. ಮೊಟ್ಟೆಯನ್ನು ಬೇಯಿಸಿದಾಗ ಅದರ ಬಿಳಿಯ ಭಾಗದಲ್ಲಿ ಆಗುವ ಬದಲಾವಣೆ ಯಾವುದು ಎಂಬುದು ಪ್ರಶ್ನೆ. ಬಿಳಿಯ ಭಾಗವು ಗಟ್ಟಿಯಾಗುತ್ತದೆ ಎಂಬುದು ನಾವು ಅಪೇಕ್ಷಿಸಿದ ಉತ್ತರ. ತಾಯಿಯ ತವರು ನಿಲಂಗಾದ ಕಡೆಯದಾಗಿದ್ದ ಒಬ್ಬ ಹುಡುಗಿಯು, "ತತ್ತೀದ ಲೋಳಿ ಕುದಿಸಿದ್ರ ಬೆಳ್ಳಗ ಆಗ್ತದ" ಎಂದು ಬರೆದಿದ್ದಳು. ನಮ್ಮ ಕೆಂಪು ಶಾಯಿ ಕೂಡಲೆ ಮೂರು ಕಡೆ ಗೀರಿತು. ತತ್ತಿಯನ್ನು ಹೊಡೆದು ಮೊಟ್ಟೆಯೆಂದು ಬರೆದೆವು. ಲೋಳಿಯನ್ನು ಹೊಡೆದು ಬಿಳಿಯ ಭಾಗವೆಂದು ಬರೆದೆವು. ಆ ಮೇಲೆ, ಬಿಳಿಯ ಭಾಗವು ಬೆಳ್ಳಗಾಗುವುದೆಂದರೇನು ಎಂದು ಬದಿಯಲ್ಲೊಂದು ಪ್ರಶ್ನಚಿಹ್ನೆಯನ್ನಿಟ್ಟು ಸೊನ್ನೆ ಹಾಕಿದೆವು. ಪತ್ರಿಕೆಗಳನ್ನು ಮರಳಿ ಕೊಟ್ಟ ದಿನ ಆ ಹುಡುಗಿ ಮೇಜಿನ ಬಳಿಗೆ ಬಂದು, "ಸರ್, ಒಡದಾಗ ಅದು ಬೆಳ್ಳಗ ಎಲ್ಲಿರ್ತದ್ರೀ?" ಎಂದು ಕೇಳಿದಳು. ಪುಸ್ತಕದಲ್ಲಿ ಹಾಗೆಯೇ ಇದೆ, ಹೋಗಿ ಕುಳಿತುಕೋ ಎಂದೆವು.

ಅವಳ ವಾಕ್ಯದಲ್ಲಿ ಯಾವ ದೋಷವೂ ಇರಲಿಲ್ಲ. ನಾವು ತಿದ್ದಿದ ಮೇಲೆಯೇ ಅದು ಅರ್ಥಹೀನವಾದದ್ದು!

ಒಡೆದ ತತ್ತಿಯನ್ನು ತಟ್ಟೆಯಲ್ಲಿ ಸುರಿದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಡುವೆ ಹಳದಿಯ ಉಂಡೆ. ಅದರ ಸುತ್ತ ತಟ್ಟೆಯ ತಳವು ಕಾಣುವಷ್ಟು ತಿಳಿಯಾದ, ಸೂಕ್ಷ್ಮವಾಗಿ ನೋಡಿದರೆ ತುಸು ಹಸುರು-ಹಳದಿಯ ಛಾಯೆಯುಳ್ಳ ಅಂಟುರಸ. ಆ ಛಾಯೆಯು ಅದರೊಳಗಿರುವ ರೈಬೊಫ್ಲೇವಿನ್ ಎಂಬ ಜೀವಸತ್ವದ್ದು. ಈ ರಸದಲ್ಲಿ ನೂರಕ್ಕೆ ಸುಮಾರು ೯೦ ಪಾಲು ನೀರು. ಉಳಿದುದರಲ್ಲಿ ಬಹುಪಾಲು ಪ್ರೋಟೀನು. ಕಾವು ಸುಮಾರು ೬೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದ ಬಳಿಕ ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನಿನ ಎಳೆಗಳು ಬಿಚ್ಚಿಕೊಂಡು, ಒಂದಕ್ಕೊಂದು ತೊಡರಿಕೊಂಡು ಬಲೆಯಾಗುತ್ತವೆ. ನೀರು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಳಕು ಅದರೊಳಗಿಂದ ಹಾದುಹೋಗಲಾರದೆ ಎಲ್ಲ ಕಡೆಗೂ ಚೆದರುತ್ತದೆ. ನಮ್ಮ ಕಣ್ಣಿಗೆ ಅದು ಬೆಳ್ಳಗೆ ಕಾಣುತ್ತದೆ. ಚೆನ್ನಾಗಿ ಕಡೆದು ನೊರೆಯೆಬ್ಬಿಸಿದರೂ ಬಿಳುಪು ಬರುತ್ತದೆ. ಅಲ್ಲಿ ಬೆಳಕನ್ನು ಚೆದರಿಸುವವು ಗಾಳಿಯ ಗುಳ್ಳೆಗಳು. ಹೇಗಾದರೂ ಇರಲಿ, ಬಿಳುಪೆಂಬುದು ಈ ವಸ್ತುವಿಗೆ ಆಮೇಲೆ ಬರುವ ಗುಣ. ಗಟ್ಟಿಯಾಗುವುದು, ಬೆಳ್ಳಗಾಗುವುದು ಎರಡೂ ಒಂದೇ ಕ್ರಿಯೆಯ ಎರಡು ಮುಖಗಳು. ಹುಡುಗಿಯು ಕಣ್ಣಿಗೆ ಕಂಡ ಮುಖವನ್ನು ಹೇಳಿದಳು. ಪುಸ್ತಕವು ಕೈಗೆ ಸಿಗುವ ಮುಖವನ್ನು ಹೇಳಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಅಂದೇ ಇಟ್ಟ ತತ್ತಿಯನ್ನು ಒಡೆದರೆ ಲೋಳೆಯು ತುಸು ಮಬ್ಬಾಗಿ, ಅಕ್ಕಿ ತೊಳೆದ ನೀರಿನಂತೆ ಇರುತ್ತದೆ. ಅದರೊಳಗೆ ಕರಗಿರುವ ಇಂಗಾಲಾಮ್ಲವಾಯುವೇ ಇದಕ್ಕೆ ಕಾರಣ. ದಿನ ಕಳೆದಂತೆ ಆ ವಾಯುವು ಚಿಪ್ಪಿನ ಸೂಕ್ಷ್ಮರಂಧ್ರಗಳಿಂದ ಹೊರಬಿದ್ದು ಲೋಳೆ ತಿಳಿಯಾಗುತ್ತದೆ. ಮನೆಯ ಕೋಳಿಯ ಹೊಸ ತತ್ತಿಯನ್ನೇ ಕಂಡ ಜನರು ಅದನ್ನು ಬಿಳಿಯೆಂದರೆ ಪೂರ್ತಿ ಸುಳ್ಳಲ್ಲ ಎಂದು ವಾದಿಸಬಹುದು. ಒಪ್ಪೋಣ. ಆದರೂ ಮಬ್ಬು ಬೇರೆ, ಬಿಳುಪು ಬೇರೆ. ಈ ಭೇದವು ಕನ್ನಡಕ್ಕೆ ತಿಳಿಯದುದೇನಲ್ಲ.

ಹಾಗಾದರೆ ಬಿಳಿಯೆಂಬ ಹೆಸರು ಎಲ್ಲಿಂದ ಬಂದಿತು? ಲೋಕದ ಭಾಷೆಗಳನ್ನು ನೋಡಿದರೆ ಈ ವಸ್ತುವಿಗೆ ಹೆಸರಿಡುವಲ್ಲಿ ಎರಡು ದಾರಿಗಳು ಕಾಣುತ್ತವೆ. ಬೆಂದ ಸ್ಥಿತಿಯನ್ನು ನೋಡಿ ಬಿಳಿಯೆಂದು ಹೆಸರಿಟ್ಟವರು ಒಂದು ಗುಂಪು. ಲ್ಯಾಟಿನ್ನಿನ ಆಲ್ಬುಮೆನ್ ಎಂಬುದು ಬಿಳಿಯೆಂಬರ್ಥದ ಆಲ್ಬುಸ್ ಶಬ್ದದಿಂದ ಹುಟ್ಟಿದುದು. ಇಂಗ್ಲಿಷರ ವ್ಹಾಯಿಟ್, ಜರ್ಮನರ ಆಯ್‌ವೈಸ್, ರಷ್ಯನರ ಬೆಲೋಕ್ ಇವೆಲ್ಲ ಇದೇ ಮಾತನ್ನು ಹೇಳುತ್ತವೆ. ಅರಬ್ಬಿಯಲ್ಲಂತೂ ತತ್ತಿಯೆಂಬ ಶಬ್ದಕ್ಕೂ ಬಿಳುಪೆಂಬ ಶಬ್ದಕ್ಕೂ ಧಾತು ಒಂದೇ. ಹಸಿಯ ಸ್ಥಿತಿಯನ್ನು ನೋಡಿ ಹೆಸರಿಟ್ಟವರು ಇನ್ನೊಂದು ಗುಂಪು. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ಕ್ಲಾರಾ ಎನ್ನುತ್ತಾರೆ. ತಿಳಿಯಾದುದು ಎಂದೇ ಅದರ ಅರ್ಥ. ಅದೇ ಮೂಲದಿಂದ ಫ್ರೆಂಚರ ಗ್ಲೇರ್ ಶಬ್ದ ಹುಟ್ಟಿ ಇಂಗ್ಲಿಷಿಗೂ ಬಂದು, ಹಸ್ತಪ್ರತಿಗಳಿಗೆ ಬಂಗಾರದ ರೇಕು ಅಂಟಿಸುವವರ ಮತ್ತು ಪುಸ್ತಕ ಕಟ್ಟುವವರ ಕಸುಬಿನ ಮಾತಾಗಿ ಉಳಿದುಕೊಂಡಿತು. ಉಣ್ಣುವವರು ಬಿಳಿಯೆಂದರು, ಹಸಿಯ ರಸವನ್ನು ಕುಂಚದಲ್ಲಿ ಅದ್ದಿ ಬಳಸುವ ಕಸುಬಿನವರು ತಿಳಿಯೆಂದರು. ಹೆಸರು ಕಣ್ಣಿನಿಂದ ಮಾತ್ರ ಹುಟ್ಟುವುದಿಲ್ಲ, ಕೈಯ ಕೆಲಸದಿಂದಲೂ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಬೇಗನೆ ಹೊಳೆಯುತ್ತಿಲ್ಲ.

ದೂರ ದೇಶದ ಮಾತು ಹಾಗಿರಲಿ. ನಮ್ಮ ಸೀಮೆಯೂ ಒಂದು ಕಾಲಕ್ಕೆ ಒಳಪಟ್ಟಿದ್ದ ನಿಜಾಮರ ಆಸ್ಥಾನದಲ್ಲಿ, ೧೯ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಲಾಲಾ ದೀನದಯಾಳರು ಛಾಯಾಚಿತ್ರಕಾರರಾಗಿದ್ದರು. ಅವರ ಪ್ರಸಿದ್ಧವಾದ ಕಂದುಬಣ್ಣದ ಚಿತ್ರಗಳು ಮೂಡಿರುವುದು ತತ್ತಿಯ ಲೋಳೆಯನ್ನು ಬಳಿದ ಕಾಗದದ ಮೇಲೆ. ೧೮೫೦ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ರೂಢಿಗೆ ತಂದ ಪದ್ಧತಿ ಅದು. ಉಪ್ಪು ಬೆರೆಸಿದ ಲೋಳೆಯನ್ನು ಕಾಗದಕ್ಕೆ ಹಚ್ಚಿ, ಒಣಗಿಸಿ, ಮೇಲೆ ಬೆಳ್ಳಿಯ ಲವಣದ ದ್ರಾವಣವನ್ನು ಹಚ್ಚುತ್ತಿದ್ದರು. ಆ ಲೋಳೆಯ ತೆಳುಪದರವೇ ಚಿತ್ರಕ್ಕೆ ನುಣುಪನ್ನೂ ಹೊಳಪನ್ನೂ ಕೊಡುತ್ತಿತ್ತು. ಆ ಕಾಗದಕ್ಕೆ ಮೊಟ್ಟೆಯ ಬಿಳಿಯನ್ನು ಬಳಿಯುತ್ತಿದ್ದರು ಎಂದು ನಾವು ತರಗತಿಯಲ್ಲಿ ಹೇಳಿದರೆ, ಮಕ್ಕಳು ಸುಣ್ಣ ಬಳಿದ ಗೋಡೆಯನ್ನು ನೆನೆಯುತ್ತಾರೆ. ಲೋಳೆ ಬಳಿಯುತ್ತಿದ್ದರು ಎಂದರೆ ವಿಷಯ ಕೂಡಲೆ ತಿಳಿಯುತ್ತದೆ.

ಇನ್ನು ನೆರೆಹೊರೆಯ ಭಾಷೆಗಳಿಗೆ ಬರೋಣ. ಗಡಿಯವರಾದ ನಮಗೆ ನೆರೆಹೊರೆಯೆಂದರೆ ಅಂಗಳದ ಮಾತೇ. ಉದಗೀರ ನಿಲಂಗಾಗಳು ೧೯೫೬ರ ನವೆಂಬರ ೧ರ ವರೆಗೆ ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಅಂದು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಹೋದವು. ೧೯೮೨ರಲ್ಲಿ ಲಾತೂರ ಜಿಲ್ಲೆ ಆದಾಗ ಅದಕ್ಕೆ ಸೇರಿದವು. ಉಮರಗಾ ಮೊದಲಿನಿಂದಲೂ ಉಸ್ಮಾನಾಬಾದದ್ದು. ಆ ಜಿಲ್ಲೆಯ ಹೆಸರೇ ಈಗ ಧಾರಾಶಿವ. ರಾಜ್ಯಗಳು ಹೀಗೆ ಬದಲಾಗುತ್ತ ಬಂದರೂ ಒಂದೇ ಕೇರಿಯಲ್ಲಿ ಮನೆಗೆ ಕನ್ನಡ, ಶಾಲೆಗೆ ಮರಾಠಿ, ಪೇಟೆಗೆ ದಖ್ಖಣಿ ಎಂಬ ವ್ಯವಸ್ಥೆ ಅನೇಕ ಮನೆಗಳಲ್ಲಿ ನಡೆದೇ ಬಂದಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯವು ೧೯೧೮ರಲ್ಲಿ ಉರ್ದೂ ಮಾಧ್ಯಮದಿಂದ ಪ್ರಾರಂಭವಾದ ರಾಜ್ಯವದು. ಉರ್ದೂ ಕಲಿತವರ ಬಾಯಲ್ಲಿ ತತ್ತಿಯೊಳಗೆ ಇರುವುದು ಸಫೇದಿ ಮತ್ತು ಜರ್ದಿ, ಅಂದರೆ ಬಿಳುಪು ಮತ್ತು ಹಳದಿ. ಮರಾಠಿಯಲ್ಲಿ ಒಳಗಿನ ಎರಡಕ್ಕೂ ಬಲಕ ಎಂಬ ಒಂದೇ ನಾಮಪದ. ಪಾಂಢರಾ ಬಲಕ, ಪಿವಳಾ ಬಲಕ ಎಂದು ಬಣ್ಣದಿಂದ ಬೇರ್ಪಡಿಸುತ್ತಾರೆ. ತೆಲುಗಿನಲ್ಲಿ ತೆಲ್ಲಸೊನ, ಪಚ್ಚಸೊನ. ತಮಿಳಿನಲ್ಲಿ ವೆಳ್ಳೈಕ್ಕರು, ಮಂಜಳ್‌ಕರು. ಕರುವೆಂದರೆ ಗರ್ಭದ ಪಿಂಡ. ಮರಿಯು ಬೆಳೆಯುವುದು ಹಳದಿಯ ಮೇಲಿನ ಒಂದು ಸಣ್ಣ ಚುಕ್ಕೆಯಿಂದ. ಲೋಳೆಯು ಅದಕ್ಕೆ ನೀರು, ಆಹಾರ, ಕಾವಲು ಮಾತ್ರ. ಆದುದರಿಂದ ಬಿಳಿಯ ಪಿಂಡವೆಂಬ ತಮಿಳರ ಹೆಸರು ಶಾಸ್ತ್ರದೃಷ್ಟಿಗೆ ಸರಿಬೀಳದು. ತಪ್ಪು ಎಲ್ಲ ಭಾಷೆಗಳ ಪಾಲಿಗೂ ಬಂದಿದೆ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಆದರೆ ಇವುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಬಲಕ, ಸೊನ, ಕರು ಇವು ವಸ್ತುವಾಚಕಗಳು. ಬಣ್ಣವು ಅವುಗಳ ವಿಶೇಷಣ. ನಮ್ಮ ಶಾಲಾಪುಸ್ತಕಗಳ ಕನ್ನಡದಲ್ಲಿ ಬಣ್ಣವಿದೆ, ವಸ್ತುವಿಲ್ಲ. ವಸ್ತುವಿನ ಸ್ಥಾನದಲ್ಲಿ ಭಾಗವೆಂಬ ಶಬ್ದವನ್ನು ಕೂಡ್ರಿಸಿದ್ದೇವೆ. ಭಾಗವೆಂಬುದು ಏನನ್ನು ಹೇಳುತ್ತದೆ? ಊರಿನ ಉತ್ತರ ಭಾಗ, ಪುಸ್ತಕದ ಎರಡನೆಯ ಭಾಗ, ಆಸ್ತಿಯಲ್ಲಿ ಅಣ್ಣನ ಭಾಗ ಎಂದಂತೆ ಅದು ಗೆರೆ ಹಾಕಿ ತೋರಿಸುವ ಶಬ್ದ. ಚಿತ್ರಪಟದ ಮೇಲೆ ಕೋಲಿಟ್ಟು ತೋರಿಸುವ ಗುರುಗಳಿಗೆ ಅದು ಸಾಕು. ಕೈಯೊಳಗೆ ಜಾರುವ, ಬೆರಳಿಗೆ ಅಂಟುವ, ಒಣಗಿದರೆ ಚರ್ಮವನ್ನು ಬಿಗಿಯುವ ವಸ್ತುವನ್ನು ಅದು ಹೇಳಲಾರದು. ಇದು ನಾಮಕರಣವಲ್ಲ, ನಾಮಕರಣವನ್ನು ಮುಂದಕ್ಕೆ ಹಾಕುವ ಉಪಾಯವೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಕೆಲವು ಪುಸ್ತಕಗಳು ಬಿಳಿಲೋಳೆಯೆಂದು ಬರೆಯುತ್ತವೆ. ಅವು ಸತ್ಯಕ್ಕೆ ಒಂದು ಹೆಜ್ಜೆ ಹತ್ತಿರ ಬಂದಿವೆ; ಆದರೆ ಲೋಳೆಯಾಗಿರುವಾಗ ಅದು ಬಿಳಿಯಲ್ಲ, ಬಿಳಿಯಾದ ಮೇಲೆ ಅದು ಲೋಳೆಯಲ್ಲವೆಂಬ ತೊಡಕು ಹಾಗೆಯೇ ಉಳಿಯುತ್ತದೆ.

ತೆಲುಗಿನ ಸೊನದ ಬಗ್ಗೆ ಎರಡು ಮಾತು ಹೆಚ್ಚು ಹೇಳುವ ಆಶೆಯಾಗಿದೆ. ಮಾವಿನಕಾಯಿಯ ತೊಟ್ಟು ಮುರಿದಾಗ ಒಸರುವ ರಸಕ್ಕೆ ಕನ್ನಡದಲ್ಲಿ ಸೊನೆ ಎನ್ನುವರಷ್ಟೆ? ಅದೇ ಈ ಸೊನ. ಒಂದೇ ಮನೆಯ ಮಾತು ತೆಲುಗಿನವರಲ್ಲಿ ತತ್ತಿಯೊಳಗೆ ಹೋಯಿತು, ನಮ್ಮಲ್ಲಿ ಮಾವಿನ ತೊಟ್ಟಿನಲ್ಲಿಯೇ ನಿಂತಿತು. ಹೀಗಿರಲು ಬಿಳಿಸೊನೆಯೆಂಬ ಶಬ್ದವನ್ನು ನಾವೂ ಏಕೆ ಬಳಸಬಾರದೆಂದು ಸಂಘದ ಮಿತ್ರರೊಬ್ಬರು ಸೂಚಿಸಿದರು. ಕೇಳಲು ಇಂಪಾಗಿದೆ, ದ್ರಾವಿಡ ಮೂಲದ್ದು, ರಸವೆಂಬ ಅರ್ಥವೂ ಹೊಂದುತ್ತದೆ. ಒಂದು ರಾತ್ರಿಯೆಲ್ಲ ನಾವು ಅದನ್ನು ಮೆಚ್ಚಿಕೊಂಡೇ ಇದ್ದೆವು. ಬೆಳಗಾದ ಮೇಲೆ ವಿವೇಕ ಬಂದಿತು. ಹುಡುಗಿಯ ಲೋಳಿಯನ್ನು ಹೊಡೆದು ಬಿಳಿಯ ಭಾಗವೆಂದು ಬರೆದವರು, ಈಗ ಅದನ್ನೇ ಹೊಡೆದು ಬಿಳಿಸೊನೆಯೆಂದು ಬರೆದರೆ ಹುಡುಗಿಗೆ ಸಿಕ್ಕಿದ್ದೇನು? ಮನೆಯಲ್ಲಿ ಶಬ್ದವಿರುವಾಗ ಹೊಸದನ್ನು ತರುವುದು, ಬಾವಿಯ ಕಟ್ಟೆಯ ಮೇಲೆ ಕುಳಿತು ಮಳೆಗೆ ಕಾಯ್ದಂತೆ.

ನುಡಿಯ ಶುದ್ಧಿಯನ್ನು ಕುರಿತು ಹಟ ಹಿಡಿಯುವವರಿಗೂ ಇಲ್ಲೊಂದು ಮಾತು. ನಮ್ಮ ಮಕ್ಕಳು ಬಲಕವೆಂದು ಬರೆದರೆ ಮರಾಠಿಯ ಹಾವಳಿಯೆಂದು ಹುಬ್ಬು ಗಂಟಿಕ್ಕುತ್ತೇವೆ. ಆದರೆ ತತ್ತಿಯ ಇನ್ನೊಂದು ಪಾಲಿಗೆ ನಾವೆಲ್ಲರೂ ನಿಶ್ಚಿಂತೆಯಿಂದ ಬಳಸುವ ಹಳದಿಯೆಂಬ ಶಬ್ದವು ಎಲ್ಲಿಯದು? ಸಂಸ್ಕೃತದ ಹರಿದ್ರಾ ಪ್ರಾಕೃತದ ದಾರಿಯಿಂದ ಹಳದವಾಗಿ ಮರಾಠಿಯ ಒರಳಿನಲ್ಲಿ ಕುಟ್ಟಿಸಿಕೊಂಡು ನಮ್ಮಲ್ಲಿಗೆ ಬಂದುದು. ನಮ್ಮ ಮನೆಯ ಶಬ್ದ ಅರಿಸಿನ. ಹಳದಿಯನ್ನು ಒಳಗೆ ಕರೆದುಕೊಂಡವರು ಬಲಕವನ್ನು ಹೊಸ್ತಿಲಲ್ಲಿ ನಿಲ್ಲಿಸಿ ಜಾತಕ ಕೇಳುವುದು ನ್ಯಾಯವಲ್ಲ.

ಲೋಳೆಯೆಂಬ ಶಬ್ದವು ಪುಸ್ತಕದ ಕನ್ನಡದಲ್ಲಿ ಹಿಂದೆ ಬಿದ್ದುದೇಕೆಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರವು ಅಡಿಗೆಮನೆಯಲ್ಲಿಯೂ ಇದೆ, ಗ್ರಂಥಭಂಡಾರದಲ್ಲಿಯೂ ಇದೆ. ೧೦೨೫ರಲ್ಲಿ ಚಾವುಂಡರಾಯನು ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಪಾಕಶಾಸ್ತ್ರದ ಅಧ್ಯಾಯವುಂಟು. ೧೬ನೆಯ ಶತಮಾನದ ಪ್ರಾರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಅಡಿಗೆಯ ಗ್ರಂಥವನ್ನೇ ಬರೆದನು. ಎರಡೂ ಶಾಕಾಹಾರದವು. ಇದೇ ಕಲ್ಯಾಣದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಮಾಂಸ ಮೀನುಗಳ ಅಡಿಗೆ ವಿಸ್ತಾರವಾಗಿ ಬಂದಿದೆ. ಆದರೆ ಅದು ಸಂಸ್ಕೃತ ಗ್ರಂಥ! ಅರಸನ ಅಡಿಗೆಮನೆಯಲ್ಲಿ ಮಾಂಸವನ್ನು ಹೆಚ್ಚುತ್ತಿದ್ದವರು ಯಾವ ಕನ್ನಡದಲ್ಲಿ ಮಾತಾಡಿಕೊಂಡರೋ ಅದು ಓಲೆಗೆ ಏರಲಿಲ್ಲ. ಪಂಪನ ಕಾಲದಿಂದ ನಮ್ಮ ಕಾವ್ಯವನ್ನು ಬೆಳೆಸಿದವರಲ್ಲಿ ಹೆಚ್ಚಿನವರು ಜೈನರು, ವೀರಶೈವರು, ಬ್ರಾಹ್ಮಣರು. ಬ್ರಹ್ಮಾಂಡವನ್ನು ಒಡೆದು ಒಳಗನ್ನು ನೋಡಿದ ಅನುಭಾವಿಗಳು ನಮ್ಮಲ್ಲಿ ಆಗಿಹೋಗಿದ್ದಾರೆ. ಕೋಳಿಯ ತತ್ತಿಯನ್ನು ಒಡೆದು ಬಾಣಲೆಗೆ ಹಾಕಿದ ಕವಿ ದೊರೆಯುವುದು ಕಷ್ಟ.

ಇದರ ಪರಿಣಾಮವು ನಿಘಂಟುಗಳ ಮೇಲೆ ಆಗದಿರಲು ಸಾಧ್ಯವಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ಹೆಮ್ಮೆಯ ಗ್ರಂಥ. ಅದು ನಿಂತಿರುವುದು ಗ್ರಂಥಗಳಿಂದ ಮತ್ತು ಶಾಸನಗಳಿಂದ ಆರಿಸಿದ ಪ್ರಯೋಗಗಳ ಮೇಲೆ. ಪ್ರಯೋಗವಿಲ್ಲದ ಅರ್ಥಕ್ಕೆ ಅಂತಹ ನಿಘಂಟಿನಲ್ಲಿ ನಿಲ್ಲಲು ನೆಲ ಸಾಲದು. ತತ್ತಿಯನ್ನು ದಿನವೂ ಒಡೆಯುವ ಮನೆಗಳವರು ಗ್ರಂಥ ಬರೆಯಲಿಲ್ಲ. ಗ್ರಂಥ ಬರೆದ ಮನೆಗಳವರು ತತ್ತಿಯ ಹೆಸರೆತ್ತಲಿಲ್ಲ. ನಮ್ಮದೂ ಹೆಸರೆತ್ತದ ಮನೆಗಳಲ್ಲೊಂದು ಎಂಬುದನ್ನು ಮುಚ್ಚಿಡುವುದಿಲ್ಲ. ಬಾಲ್ಯದಲ್ಲಿ ಈ ವಸ್ತುವಿನ ಹೆಸರನ್ನು ಮನೆಯೊಳಗೆ ಆಡುವಂತಿರಲಿಲ್ಲ. ಶಿಕ್ಷಕರಾದ ಮೇಲೆ ಅದು ಪುಸ್ತಕದಿಂದ ನಮಗೆ ಬಂದಿತು. ತಾನು ಕೈಯಿಂದ ಮುಟ್ಟದ ವಸ್ತುವಿನ ಹೆಸರನ್ನು, ದಿನವೂ ಮುಟ್ಟುವ ಹುಡುಗಿಗೆ ತಿದ್ದಿ ಕೊಡುವ ಅಧಿಕಾರವು ನಮಗೆ ಹೇಗೆ ಬಂದಿತು? ಸಂಬಳದ ಜೊತೆಗೆ ಬಂದಿತೆಂದು ಕಾಣುತ್ತದೆ.

ತತ್ತಿ, ಮೊಟ್ಟೆಗಳ ವಿಷಯದಲ್ಲಿಯೂ ಇದೇ ಕಥೆ. ತತ್ತಿಯು ಅಚ್ಚಗನ್ನಡ ಶಬ್ದ. ಬೀದರ ಕಲಬುರ್ಗಿಗಳಿಂದ ಧಾರವಾಡದ ವರೆಗೆ ಜನರ ಬಾಯಲ್ಲಿರುವುದು ಅದೇ. ಮೊಟ್ಟೆಯೂ ಕನ್ನಡವೇ, ಆದರೆ ಅದಕ್ಕೆ ಗಂಟು, ಹೊರೆ ಎಂಬ ಅರ್ಥವೂ ಉಂಟು. ದಕ್ಷಿಣದ ಬಳಕೆ ಪುಸ್ತಕಕ್ಕೆ ಬಂದು ಪ್ರಮಾಣವಾಯಿತು. ಅದರ ಮೇಲೆ ನಮ್ಮ ಗಡಿಯ ತತ್ತಿಗೆ ಇನ್ನೊಂದು ಸಂಕಟ. ದಖ್ಖಣಿ, ಹಿಂದಿ ಬಲ್ಲ ಮಕ್ಕಳ ಮುಂದೆ ಆ ಶಬ್ದವನ್ನಾಡಿದರೆ ಅವರು ದಂತ್ಯವನ್ನು ಮೂರ್ಧನ್ಯವಾಗಿ ಕೇಳಿ ಕಿಸಕ್ಕನೆ ನಗುತ್ತಾರೆ. ಹೇಳಿದ ಹುಡುಗ ನಾಚಿ ಮರುದಿನದಿಂದ ಅಂಡಾ ಎನ್ನುತ್ತಾನೆ. ಆ ಅಂಡವೂ ಸಂಸ್ಕೃತದಲ್ಲಿ ಅಷ್ಟೇನೂ ನಿರಪಾಯವಾದ ಶಬ್ದವಲ್ಲವೆಂಬುದು ಅವನಿಗೆ ತಿಳಿಯದು, ನಗುವವರಿಗೂ ತಿಳಿಯದು.

ಈ ಕೆಲವು ವರ್ಷಗಳಲ್ಲಿ ತತ್ತಿಯು ಶಾಲೆಯ ತಟ್ಟೆಗೇ ಬಂದುದರಿಂದ ಮಾತಿಗೆ ಹೊಸ ತುರ್ತು ಬಂದಿದೆ. ಕರ್ನಾಟಕ ಸರಕಾರವು ೨೦೨೧ರ ಡಿಸೆಂಬರದಲ್ಲಿ ಬೀದರ, ಕಲಬುರ್ಗಿ ಮುಂತಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಅದನ್ನು ಕೊಡಲು ಪ್ರಾರಂಭಿಸಿ ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಕೆಲವು ಮಠಾಧೀಶರು ವಿರೋಧಿಸಿದರು, ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣಿನ ವ್ಯವಸ್ಥೆಯಾಯಿತು. ಮಹಾರಾಷ್ಟ್ರದಲ್ಲಿ ೨೦೨೩ರ ನವೆಂಬರದಲ್ಲಿ ವಾರಕ್ಕೊಂದರಂತೆ ಕೊಡಲು ಆಜ್ಞೆಯಾಗಿ, ೨೦೨೫ರ ಜನವರಿಯಲ್ಲಿ ಸರಕಾರವು ಅದಕ್ಕೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿತು. ಕೊಡುವುದು, ಬಿಡುವುದು ಈ ಲೇಖನದ ವಿಷಯವಲ್ಲ. ನಾವು ಗಮನಿಸಿದ್ದು ಇಷ್ಟೆ: ಅತ್ತಣ ಆಜ್ಞೆಯಲ್ಲಿ ಅಂಡೆ, ಇತ್ತಣ ಆಜ್ಞೆಯಲ್ಲಿ ಮೊಟ್ಟೆ. ಗಡಿಯ ಎರಡೂ ಬದಿಗೆ ಮಕ್ಕಳ ಬಾಯಲ್ಲಿರುವ ತತ್ತಿಯು ಯಾವ ಕಾಗದದಲ್ಲಿಯೂ ಇಲ್ಲ.

ಈಗ ಲೋಳೆಯ ಪರವಾಗಿ ನಮ್ಮ ಮುಖ್ಯವಾದ ವಾದವನ್ನು ಮುಂದಿಡುತ್ತೇವೆ. ವಸ್ತುವೊಂದರ ಸ್ಥಿತಿ ಬದಲಾದಂತೆ ಹೆಸರನ್ನು ಬದಲಿಸುವುದು ಕನ್ನಡದ ಒಕ್ಕಲುತನದ ಮಾತಿಗೆ ಸ್ವಭಾವವಾಗಿದೆ. ಹೊಲದಲ್ಲಿ ಭತ್ತ, ಕುಟ್ಟಿದರೆ ಅಕ್ಕಿ, ಬೆಂದರೆ ಅನ್ನ. ಇಂಗ್ಲಿಷರಿಗೆ ಮೂರಕ್ಕೂ ಹೆಚ್ಚಾಗಿ ಒಂದೇ ಶಬ್ದ ಸಾಕಾಗುತ್ತದೆ. ನಮ್ಮ ಜೋಳದ ಸೀಮೆಯಲ್ಲಿ ಹಾಲುತುಂಬಿದ ತೆನೆಯನ್ನು ಕೆಂಡದ ಮೇಲೆ ಸುಟ್ಟು ತಿಕ್ಕಿದರೆ ಸೀತನಿ, ಮರಾಠಿಯವರ ಹುರಡಾ. ಅದೇ ಬಲಿತು ರಾಶಿಯಾದರೆ ಜೋಳ. ಸೀತನಿಯನ್ನು ಎಳೆಯ ಜೋಳದ ಭಾಗವೆಂದು ಬರೆದ ಹುಡುಗನಿಗೆ ನಾವು ಗುಣ ಕೊಡುತ್ತೇವೆಯೆ? ಹಾಗೆಯೇ ಹಸಿಯಾಗಿರುವಾಗ ಲೋಳೆ, ಬೆಂದ ಮೇಲೆ ಬಿಳಿಯೆಂಬ ಎರಡು ಹೆಸರುಗಳು ಆ ಹುಡುಗಿಯ ಮನೆಯಲ್ಲಿ ಇದ್ದವು. ಅವಳ ವಾಕ್ಯದಲ್ಲಿ ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೋಗುವ ಕ್ರಿಯೆ ಪೂರ್ಣವಾಗಿ ಬಂದಿತ್ತು. ಪುಸ್ತಕವು ಎರಡು ಹೆಸರನ್ನು ಒಂದು ಮಾಡಿ, ಬಳಿಕ ಬದಲಾವಣೆಯೇನೆಂದು ಕೇಳುತ್ತದೆ.

ಬಿಳಿಯನ್ನು ಕನ್ನಡದಿಂದ ಓಡಿಸಬೇಕೆಂಬುದು ನಮ್ಮ ಮತವಲ್ಲ. ಬಿಳುಪಿನಿಂದ ಹೆಸರಿಡುವುದು ನಮ್ಮವರಿಗೆ ಹಳೆಯ ಪರಿಪಾಟವೇ. ಬೆಳ್ಳಿಯಾದುದು ಹಾಗೆ, ಬೆಳ್ಳುಳ್ಳಿ ಹಾಗೆ, ಬೆಣ್ಣೆಯು ಬೆಳ್ ಎಂಬುದಕ್ಕೆ ನೆಯ್ ಸೇರಿ ಆದುದು. ಆದರೆ ಅವೆಲ್ಲವೂ ಕೈಗೆ ಬಂದಾಗಲೇ ಬೆಳ್ಳಗಿರುವ ವಸ್ತುಗಳು. ಲೋಳೆಯೆಂದರೆ ಸಿಂಬಳವೂ ಆಗುತ್ತದೆ, ಓಕರಿಕೆ ತರುವ ಶಬ್ದವೆಂದು ಆಕ್ಷೇಪಿಸುವವರಿದ್ದಾರೆ. ಲೋಳೆಸರವನ್ನು ಮುಖಕ್ಕೆ ಹಚ್ಚಿಕೊಳ್ಳುವವರು, ಶರೀರಶಾಸ್ತ್ರದಲ್ಲಿ ಲೋಳೆಪೊರೆಯೆಂದು ಪಾಠ ಹೇಳುವವರು ಈ ಆಕ್ಷೇಪವನ್ನೆತ್ತಬಾರದು. ಹಳದಿಗೂ ಲೋಳೆಯೆನ್ನಬೇಕೆ ಎಂದರೆ ಬೇಡ. ಅದು ಜಾರುವ ವಸ್ತುವಲ್ಲ, ಮಂದವಾದುದು. ಹಸಿಯಲ್ಲಿಯೂ ಬೆಂದ ಮೇಲೂ ಹಳದಿಯಾಗಿಯೇ ಇರುವುದರಿಂದ ಆ ಹೆಸರು ಅದಕ್ಕೆ ಒಪ್ಪುತ್ತದೆ. ಲೋಳೆ, ಹಳದಿ, ಬೆಂದ ಮೇಲೆ ಬಿಳಿ, ಹಳದಿ. ಇಷ್ಟು ಸಾಕು.

ಪ್ರೋಟೀನಿನ ಹೆಸರಿನ ಗೊಂದಲವೂ ಇದಕ್ಕೆ ಅಂಟಿಕೊಂಡಿದೆ. ಜರ್ಮನರಿಗೆ ತತ್ತಿಯ ಬಿಳಿಯ ಹೆಸರೇ ಎಲ್ಲ ಪ್ರೋಟೀನುಗಳ ಹೆಸರು. ೧೮೩೮ರಲ್ಲಿ ಮುಲ್ಡರ್ ಬಳಸಿದ ಪ್ರೋಟೀನ್ ಶಬ್ದವು ಮೊದಲನೆಯದು ಎಂಬರ್ಥದ ಗ್ರೀಕ್ ಮೂಲದ್ದು. ಮರಾಠಿಯ ಪ್ರಥಿನೆ ಆ ನಾದವನ್ನೂ ಅರ್ಥವನ್ನೂ ಹಿಡಿದುಕೊಂಡ ಜಾಣ ಶಬ್ದ. ನಮ್ಮ ಹಳೆಯ ಪುಸ್ತಕಗಳ ಸಸಾರಜನಕವು ಅದರಲ್ಲಿ ಸಾರಜನಕ ಉಂಟೆಂದು ಹೇಳುತ್ತದೆ. ಶಾಸ್ತ್ರಕ್ಕೆ ಸರಿ, ನಾಲಿಗೆಗೆ ಕಷ್ಟ. ಅದರ ಚರ್ಚೆಯನ್ನು ರಸಾಯನಶಾಸ್ತ್ರದ ಗುರುಗಳಿಗೆ ಬಿಡುತ್ತೇವೆ.

ಆ ಹುಡುಗಿಯ ಪತ್ರಿಕೆಯನ್ನು ಮತ್ತೆ ತಿದ್ದಲು ನಮ್ಮಿಂದಾಗಲಿಲ್ಲ. ನಮಗೆ ಬುದ್ಧಿ ಬರುವ ಹೊತ್ತಿಗೆ ಅವಳು ಆ ಶಾಲೆಯನ್ನು ಬಿಟ್ಟು ಉದಗೀರದ ಮರಾಠಿ ಶಾಲೆಗೆ ಸೇರಿದ್ದಳು. ಮುಂದಿನ ವರ್ಷ ಪ್ರಶ್ನೆಯನ್ನು ನಾವೇ ಬದಲಿಸಿ, ತತ್ತಿಯ ಲೋಳೆಯನ್ನು ಬೇಯಿಸಿದರೆ ಏನಾಗುತ್ತದೆಂದು ಕೇಳಿದೆವು. ಹೆಚ್ಚಿನ ಮಕ್ಕಳು ಹಳೆಯ ಟಿಪ್ಪಣಿಯನ್ನು ಬಾಯಿಪಾಠ ಮಾಡಿಕೊಂಡು ಬಂದು ಮೊಟ್ಟೆಯ ಬಿಳಿಯ ಭಾಗವು ಗಟ್ಟಿಯಾಗುತ್ತದೆಂದೇ ಬರೆದರು. ಉಮರಗಾದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನು, "ಬಲಕ ಮೊದಲ ನೀರಿನಂಗ ಇರ್ತದ, ಆಮ್ಯಾಗ ಬೆಳ್ಳಗ ಆಗಿ ಗಟ್ಟಿ ಆಗ್ತದ" ಎಂದು ಬರೆದಿದ್ದನು. ಎರಡಕ್ಕೆ ಎರಡು ಗುಣ ಕೊಟ್ಟೆವು.